ಗುರುವಾರದ ರಿಂಗು

ನಮ್ಮ ಓಣಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ತಲೆ ಬಗ್ಗಿಸಬೇಕು. ಇದು ವಿನಯವಲ್ಲ. ಸಮುದ್ರದ ಉಬ್ಬರ ಮನೆಯೊಳಕ್ಕೆ ಬರತೊಡಗಿದ ಮೇಲೆ ಎಲ್ಲರೂ ಮಣ್ಣು ತುಂಬಿ ನೆಲ ಎತ್ತರಿಸಿದರು. ಮತ್ತೆ ನೀರು ಬಂತು, ಮತ್ತೆ ಎತ್ತರಿಸಿದರು. ನೆಲ ಮೇಲೆ ಬಂತು, ಬಾಗಿಲು ಮಾತ್ರ ಇದ್ದಲ್ಲೇ ಉಳಿಯಿತು. ಪೆಕಲೋಂಗನ್ ಊರಿನ ಉತ್ತರದ ಅಂಚಿನಲ್ಲಿ ಯಾರು ಹಳಬರು ಯಾರು ಹೊಸಬರು ಎಂದು ಹಣೆ ನೋಡಿಯೇ ಹೇಳಬಹುದು. ಹೊಸಬರ ಹಣೆಯಲ್ಲಿ ಬುಗುಟು ಎದ್ದಿರುತ್ತದೆ.

ಜುಮಾರೋ ಬಾತಾಂಗ್‌ನಿಂದ ಸೊಸೆಯಾಗಿ ಬಂದ ದಿನವೇ ಆ ಬುಗುಟು ಸಂಪಾದಿಸಿದಳು. ಎತ್ತರದ ಹುಡುಗಿ, ತಲೆಯ ಮೇಲೆ ಮದುವೆಯ ಅಲಂಕಾರ ಬೇರೆ. ಚೌಕಟ್ಟಿಗೆ ಬಡಿದು ಮಲ್ಲಿಗೆಯೆಲ್ಲ ಉದುರಿತು. ಅತ್ತೆ ತಸ್ರಿಪಜ್ಜಿ ಬಾಗಿಲಲ್ಲೇ ನಿಂತು ಆಶೀರ್ವಾದ ಮಾಡಿದ್ದು ಹೀಗೆ:

"ಬಾವಿ ರಿಂಗು ಮಾಡೋನ ಮಗಳು ಅಂದ್ರು. ಬಾಗಿಲ ಅಳತೇನೇ ಕಣ್ಣಿಗೆ ಸಿಗಲ್ಲ, ಇನ್ನು ಇವಳಪ್ಪನ ರಿಂಗು ಯಾವ ಬಾವಿಗೆ ಕೂತ್ಕೊಳುತ್ತೋ!"

ಅಂದಿನಿಂದ ಅಜ್ಜಿ ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಬಾತಾಂಗಿನವಳೇ" ಎಂದೇ ಕೂಗುತ್ತಿದ್ದಳು. ಬಾತಾಂಗ್ ಎಂದರೆ ಬಸ್ಸು ಹತ್ತಿ ಟಿಕೆಟ್ ತೆಗೆಯುವಷ್ಟರಲ್ಲಿ ಬರುವ ಊರು. ಅಜ್ಜಿಯ ಬಾಯಲ್ಲಿ ಅದು ಏಳು ಸಮುದ್ರದ ಆಚೆ ಇತ್ತು. ಮಗ ಕಸ್ಬುಲ್ಲಾ ಮೀನಿನ ಹಡಗಿನವನು, ತಿಂಗಳುಗಟ್ಟಲೆ ನೀರಿನ ಮೇಲೆಯೇ ಇರುತ್ತಿದ್ದ. ಹೀಗಾಗಿ ಆ ತಗ್ಗು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ, ಜಗಳಕ್ಕೆ ಮೂರನೆಯವರ ನೆರವಿಲ್ಲದೆ ಬದುಕುತ್ತಿದ್ದರು.

ನಾನು ಖನಿಪಾ. ಓಣಿಯ ಬಾಯಲ್ಲಿ ಅನ್ನದ ಅಂಗಡಿ ನನ್ನದು. ಎಳೆ ಹಲಸು ಕೊಚ್ಚಿ, ತೆಂಗಿನ ತುರಿ ಹಾಕಿ ಹಬೆಯಲ್ಲಿ ಬೇಯಿಸಿದ ಮೆಗೊನೊ ಬೆಳಗ್ಗೆ ನನ್ನಲ್ಲಿ ಸಿಗದಿದ್ದರೆ ಇಲ್ಲಿ ಯಾರ ಕೈಯೂ ಕೆಲಸಕ್ಕೆ ಏಳುವುದಿಲ್ಲ. ಈಚೆಗೆ ಜುಮಾರೋ ಬಗ್ಗೆ ಪತ್ರಿಕೆಯಲ್ಲಿ ಬಂತು. ಕಸದಿಂದ ರಸ ತೆಗೆದ ಮಹಿಳೆ ಎಂದು ಬರೆದಿದ್ದರು. ಓದಿಸಿ ಕೇಳಿದೆ, ರೇಗಿಹೋಯಿತು. ಅವಳು ಕಸ ನೋಡಿ ಆ ಕೆಲಸಕ್ಕೆ ಇಳಿದವಳಲ್ಲ. ಬೈಯುವ ಅತ್ತೆಗೆ ಮಲಗಲು ಒಂದು ಒಣ ಜಾಗ ಬೇಕಿತ್ತು, ಅದಕ್ಕೆ ಇಳಿದಳು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದಾರೆ.

ಒಣ ಜಾಗ ಎಂದರೆ ಮನೆಯಲ್ಲಲ್ಲ, ಖಬರಸ್ತಾನದಲ್ಲಿ. ನಮ್ಮದು ಓಣಿಯ ಕೊನೆಯಲ್ಲಿದೆ, ಅದರಾಚೆ ಸಮುದ್ರವೇ. ಹಿಂದೆ ನಡುವೆ ಮೀನಿನ ಹೊಂಡಗಳೂ ತೆಂಗಿನ ಮರಗಳೂ ಇದ್ದವು, ಅವನ್ನೆಲ್ಲ ನೀರು ನುಂಗಿತು. ಉಬ್ಬರ ಏರಿದಾಗ ಗೋರಿಗಳ ತಲೆಗಲ್ಲು ಮಾತ್ರ ಕಾಣುತ್ತಿತ್ತು. ತಸ್ರಿಪಜ್ಜಿಯ ಗಂಡ ಕಾರ್ದಾನ್ ತಾತ ಅಲ್ಲೇ ಮಲಗಿದ್ದಾನೆ. ಅಜ್ಜಿ ನನ್ನ ಅಂಗಡಿಯ ಬೆಂಚಿನ ಮೇಲೆ ಕುಳಿತು ಸಮುದ್ರದ ಕಡೆ ಮುಖ ಮಾಡಿ ಹೇಳುತ್ತಿದ್ದಳು:

"ಬದುಕಿದ್ದಾಗ ಅವನಿಗೆ ಈಜು ಬರ್ತಿರ್ಲಿಲ್ಲ ಕಣೆ ಖನಿಪಾ. ಮೊಣಕಾಲು ನೀರಿಗೂ ಹೆದರೋನು. ಈಗ ನೋಡು, ದಿನಾ ಮುಳುಗ್ತಾನೆ."

ಊರು ಹೋಗು ಅನ್ನುತ್ತೆ ಕಾಡು ಬಾ ಅನ್ನುತ್ತೆ ಎನ್ನುವ ವಯಸ್ಸು ಅಜ್ಜಿಯದು. ಆದರೆ ಬಾ ಅನ್ನಬೇಕಾದ ಕಾಡೇ ನೀರಿನಲ್ಲಿತ್ತು. ಒಮ್ಮೆ ನೆರೆಮನೆಯ ಮುದುಕನೊಬ್ಬನನ್ನು ಹೂಳಲು ಹೋದಾಗ ಗುಂಡಿ ಅಗೆದಂತೆಲ್ಲ ನೀರು ಉಕ್ಕಿತು. ಗಂಡಸರು ಬಕೆಟ್ಟಿನಲ್ಲಿ ಮೊಗೆದರು, ಮೊಗೆದಷ್ಟೂ ಬಂತು. ಕೊನೆಗೆ ಬಾಳೆದಿಂಡು ಅಡ್ಡ ಇಟ್ಟು, ಹೆಣ ತೇಲದಂತೆ ಒತ್ತಿ ಹಿಡಿದು ಮಣ್ಣು ಎಳೆದರು. ಅಜ್ಜಿ ದೂರದಿಂದ ಅದನ್ನು ನೋಡಿಬಿಟ್ಟಳು. ಅಂದು ಅವಳು ಊಟ ಮಾಡಲಿಲ್ಲ.

ಆಮೇಲೆ ಮಸೀದಿಯ ಹಿರಿಯರು ಒಂದು ಮಾತಿಗೆ ಬಂದರು. ದಕ್ಷಿಣದ ಗುಡ್ಡದ ಕಡೆ ಹೊಸ ಜಾಗ ಕೊಡುತ್ತಾರಂತೆ, ಮುಂದಿನ ರುವಾ ತಿಂಗಳವರೆಗೆ ನೋಡೋಣ ಎಂದರು. ರುವಾ ಎಂದರೆ ಉಪವಾಸದ ತಿಂಗಳಿಗೆ ಮುಂಚೆ ನಾವೆಲ್ಲ ನಮ್ಮ ಸತ್ತವರ ಗೋರಿಗೆ ಹೂವು ಹಾಕುವ ತಿಂಗಳು. ಅಷ್ಟರೊಳಗೆ ಸಮುದ್ರದ ಕಡೆ ಮುಚ್ಚದಿದ್ದರೆ ಇಲ್ಲಿ ಇನ್ನು ಯಾರನ್ನೂ ಹೂಳುವುದಿಲ್ಲ, ಎಲ್ಲರೂ ಗುಡ್ಡಕ್ಕೆ ಎಂದು ತೀರ್ಮಾನವಾಯಿತು.

"ನಾನು ಗುಡ್ಡಕ್ಕೆ ಹೋಗಲ್ಲ," ಎಂದಳು ಅಜ್ಜಿ. "ಅಲ್ಲಿ ಗುರುತಿನೋರು ಯಾರಿದ್ದಾರೆ? ಅಕ್ಕಪಕ್ಕ ಮಲಗಿರೋರ ಹೆಸರೂ ಗೊತ್ತಿರಲ್ಲ. ನೀರಲ್ಲೂ ಮಲಗಲ್ಲ. ನನ್ನ ಗಂಡನ ಪಕ್ಕ, ಒಣಗಿದ ಮಣ್ಣಲ್ಲಿ. ಅಲ್ಲೀವರೆಗೂ ನಾನು ಸಾಯಲ್ಲ, ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ."

ಜುಮಾರೋ ಮಾರನೆಯ ದಿನ ನೀರು ಇಳಿದಾಗ ಸೀರೆಯಂಥ ತನ್ನ ಬಾತಿಕ್ ಲುಂಗಿಯನ್ನು ಎತ್ತಿಕಟ್ಟಿ ಖಬರಸ್ತಾನದ ಆಚೆ ಹೋದಳು. ಅಲ್ಲಿ ಹಿಂದೆ ಯಾರೋ ಗುತ್ತಿಗೆದಾರ ನಿಲ್ಲಿಸಿದ್ದ ಸಿಮೆಂಟ್ ರಿಂಗುಗಳ ಸಾಲಿತ್ತು. ಬಾವಿಗೆ ಇಳಿಸುವ ರಿಂಗುಗಳನ್ನೇ ದಡದುದ್ದ ಕೂರಿಸಿ ಒಳಗೆ ಮಣ್ಣು ತುಂಬಿದರೆ ಅಲೆ ತಡೆಯುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಅವು ಎರಡು ಮಳೆಗಾಲ ದಾಟಿರಲಿಲ್ಲ. ಒಂದನ್ನು ಅವಳು ಕಾಲಿನಿಂದ ಒದ್ದಳು, ತುಂಡು ಕಳಚಿ ಬಿತ್ತು. ಒಳಗಿನ ಕಬ್ಬಿಣ ಉಪ್ಪುನೀರು ಕುಡಿದು ತುಕ್ಕಿನಿಂದ ಉಬ್ಬಿತ್ತು.

ನನ್ನ ಅಂಗಡಿಗೆ ಬಂದು ಆ ತುಂಡನ್ನು ಮೇಜಿನ ಮೇಲಿಟ್ಟಳು. "ನೋಡಿ ಖನಿಪಕ್ಕ, ಸಮುದ್ರ ಇದನ್ನ ಹೊರಗಿಂದ ಹೊಡೆದಿದ್ದಲ್ಲ. ಇದು ಒಳಗಿಂದಾನೇ ಸತ್ತಿದೆ. ಕಬ್ಬಿಣ ಇರಬಾರದು."

"ಕಬ್ಬಿಣ ಇಲ್ದೆ ರಿಂಗು ನಿಲ್ಲುತ್ತಾ?"

"ನಿಲ್ಲಲ್ಲ," ಎಂದಳು. ಅನ್ನ ತಿಂದು ಎದ್ದು ಹೋದಳು.

ಅವಳ ಕೆಲಸ ಬಣ್ಣದ ಮನೆಯಲ್ಲಿ. ನಮ್ಮ ಓಣಿಯ ಹಿಂದೆ ಮೇಣದಲ್ಲಿ ಚಿತ್ರ ಬರೆದ ಬಟ್ಟೆಗೆ ಬಣ್ಣ ಹಚ್ಚಿ, ಕುದಿಯುವ ಹಂಡೆಯಲ್ಲಿ ಅದ್ದಿ ಮೇಣ ಬಿಡಿಸುವ ದೊಡ್ಡ ಚಪ್ಪರವಿದೆ. ಓಣಿಯ ಅರ್ಧ ಜನ ಅಲ್ಲೇ ದುಡಿಯುವುದು. ಬಣ್ಣ ಬಟ್ಟೆಯನ್ನು ಕಚ್ಚಿಕೊಳ್ಳಲು ಮೇಲೊಂದು ದ್ರವ ಸವರುತ್ತೇವೆ. ಸಕ್ಕರೆ ಪಾಕದಷ್ಟು ಮಂದ, ನೀರಿನಷ್ಟು ತಿಳಿ. ಗಾಜುನೀರು ಅನ್ನುತ್ತೇವೆ. ಇನ್ನು ಕೆಲವು ಬಣ್ಣ ಕರಗಿಸಲು ಕಾಸ್ಟಿಕ್ ಸೋಡ ಬೇಕು. ಅದು ಕೈಗೆ ತಾಗಿದರೆ ಚರ್ಮ ಎದ್ದುಬರುತ್ತದೆ, ಜುಮಾರೋಳ ಎಡ ಮಣಿಕಟ್ಟಿನ ಮೇಲೆ ಅದರ ಕಲೆ ಇದೆ. ಈ ಎರಡೂ ನಮಗೆ ಉಪ್ಪು ಹುಳಿ ಇದ್ದ ಹಾಗೆ.

ಒಂದು ದಿನ ಸಮಾರಾಂಗ್‌ನ ಪಾಲಿಟೆಕ್ನಿಕ್‌ನಿಂದ ಪಿನಾಸ್ತಿ ಎಂಬ ಟೀಚರು ಬಂದರು. ಕಾರ್ಖಾನೆಯ ತ್ಯಾಜ್ಯ ಏನು ಮಾಡಬೇಕು ಎಂದು ಹೇಳಿಕೊಡುವ ಸಭೆ. ನಾವೆಲ್ಲ ಹೋದದ್ದು, ಸುಳ್ಳು ಹೇಳಬಾರದು, ತಿಂಡಿಯ ಡಬ್ಬಕ್ಕೆ. ಟೀಚರು ಚೀಲದಿಂದ ಬೂದುಬಣ್ಣದ ಒಂದು ಗಟ್ಟಿ ತೆಗೆದು ಇದರಲ್ಲಿ ಸಿಮೆಂಟ್ ಇಲ್ಲ, ಕಲ್ಲಿದ್ದಲು ಉರಿಸಿದ ಮೇಲೆ ಉಳಿಯುವ ಹಾರುಬೂದಿ ಎಂದರು. ಸಮುದ್ರದ ನೀರು ಇದಕ್ಕೆ ಬೇಗ ಏನೂ ಮಾಡುವುದಿಲ್ಲ ಎಂದೂ ಹೇಳಿದರು. ಬೂದಿಯನ್ನು ಕಲ್ಲು ಮಾಡುವುದು ಯಾವುದು ಎಂದು ತೋರಿಸಲು ಒಂದು ಬಾಟಲಿ ಎತ್ತಿದರು. ಜುಮಾರೋ ಎದ್ದು ಮುಂದೆ ಹೋಗಿ ಬಾಟಲಿಯನ್ನು ಓರೆ ಮಾಡಿ ಅದು ಹರಿಯುವುದನ್ನು ನೋಡಿದಳು.

"ಟೀಚರ್, ಇದು ಗಾಜುನೀರಲ್ವಾ?"

"ನಿಮಗೆ ಗೊತ್ತಾ ಇದು?"

"ಗೊತ್ತಾ ಅಂತ ಕೇಳ್ತೀರಲ್ಲ! ನಮ್ಮ ಕೊಡ, ಬಕೆಟ್ಟು, ಕಾಲಿನ ಉಗುರು ಎಲ್ಲಾ ಕಡೆ ಇದೇ ಇರೋದು. ಇದರ ಜೊತೆ ಇನ್ನೇನು?"

"ಕಾಸ್ಟಿಕ್ ಸೋಡ."

ಇಡೀ ಸಭೆ ನಕ್ಕಿತು. ಪಿನಾಸ್ತಿ ಟೀಚರಿಗೆ ಯಾಕೆ ಎಂದು ತಿಳಿಯದೆ ಅವರೂ ನಕ್ಕರು. ಒಳ್ಳೆಯ ಹೆಂಗಸು. ಅಂದಿನಿಂದ ಕೊನೆಯವರೆಗೂ ಜುಮಾರೋ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಫೋನಿನಲ್ಲಿ ಉತ್ತರ ಕೊಟ್ಟವರು ಅವರೇ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೋಡಿ ಹೇಳ್ತೀನಿ ಎನ್ನುತ್ತಿದ್ದರು.

ಜುಮಾರೋ ಅಪ್ಪನಿಂದ ಹಳೆಯ ತಗಡಿನ ಅಚ್ಚು ತರಿಸಿಕೊಂಡಳು. ನೂಲಿನ ಗಿರಣಿಗಳ ಬಾಯ್ಲರ್ ಬೂದಿ ರಸ್ತೆ ಬದಿಯ ಗುಂಡಿ ತುಂಬಲು ಬರುತ್ತಿತ್ತು. ಅದನ್ನು ಚೀಲದಲ್ಲಿ ಹೊತ್ತು ತಂದು, ಹರಿದ ಬಿಳಿ ಬಟ್ಟೆಯಲ್ಲಿ ಜರಡಿ ಹಿಡಿದಳು. ಇಟ್ಟಿಗೆ ಗೂಡಿನಿಂದ ಭತ್ತದ ಹೊಟ್ಟಿನ ಬೂದಿ ತಂದು ಅದಕ್ಕೆ ಬೆರೆಸಿದಳು. ಕೆಲಸ ಮುಗಿದ ಮೇಲೆ ಬಣ್ಣದ ಮನೆಯ ಹಿತ್ತಲಲ್ಲಿ ಮರಳು, ಜಲ್ಲಿ, ಬೂದಿ, ಕಾಸ್ಟಿಕ್, ಗಾಜುನೀರು ಕಲಸಿ ರಿಂಗು ಹಾಕತೊಡಗಿದಳು. ಅಚ್ಚಿಗೆ ಅಂಟದಿರಲಿ ಎಂದು ಒಳಗೆ ಮೇಣ ಸವರುತ್ತಿದ್ದಳು. ಅಷ್ಟು ಬುದ್ಧಿ ಅವಳಿಗೆ ಇತ್ತು.

ರಿಂಗುಗಳು ಮಾತ್ರ ನಿಲ್ಲಲಿಲ್ಲ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಅಜ್ಜಿ ಊರುಗೋಲಿನಿಂದ ಒಂದನ್ನು ಚುಚ್ಚಿ ತೂತು ಮಾಡಿದಳು.

"ಬಾತಾಂಗಿನವಳೇ, ಇದು ರಿಂಗಲ್ಲ, ರವೆ ಉಂಡೆ. ನನ್ನ ಗಂಡನ ತಲೆ ಮೇಲೆ ಇದನ್ನ ಇಡ್ತೀಯಾ?"

ಆಗ ಒಂದು ವಿಚಿತ್ರ ಕಂಡಿತು. ಗುರುವಾರ ಹಾಕಿದ ರಿಂಗುಗಳು ಮಾತ್ರ ಗಟ್ಟಿಯಾಗುತ್ತಿದ್ದವು. ಬೇರೆ ದಿನದವು ಮರಳು, ಗುರುವಾರದ್ದು ಕಲ್ಲು. ಒಂದು ವಾರವಲ್ಲ, ಪ್ರತಿ ವಾರವೂ ಹೀಗೇ ಆಯಿತು. ಓಣಿಯಲ್ಲಿ ಗುಸುಗುಸು ಎದ್ದಿತು. ನಮ್ಮ ಲೆಕ್ಕದಲ್ಲಿ ಗುರುವಾರ ಸೂರ್ಯ ಮುಳುಗಿದರೆ ಶುಕ್ರವಾರ ಶುರು. ಆ ಸಂಜೆ ಸತ್ತವರು ಮನೆಯ ಕಡೆ ಬರುತ್ತಾರೆ, ಅವರ ಹೆಸರಿನಲ್ಲಿ ದುವಾ ಓದುತ್ತೇವೆ. ಕಾರ್ದಾನ್ ತಾತನೇ ಬಂದು ರಿಂಗು ಮುಟ್ಟಿ ಹೋಗುತ್ತಾನೆ ಎಂದರು. ನಾನೂ ನಂಬಿದೆ, ಯಾಕೆ ಸುಳ್ಳು ಹೇಳಲಿ. ಅಜ್ಜಿಯಂತೂ ಗಂಡನಿಗೆ ಇಷ್ಟವಾದ ಕಪ್ಪು ಕಾಫಿಯನ್ನು ಪ್ರತಿ ಗುರುವಾರ ರಿಂಗಿನ ಪಕ್ಕ ಇಡಲು ಶುರು ಮಾಡಿದಳು. ಇನ್ನು ಮೇಲೆ ಗುರುವಾರ ಬಿಟ್ಟು ಬೇರೆ ದಿನ ಹಾಕಲೇಕೂಡದು ಎಂದು ಅಪ್ಪಣೆಯಾಯಿತು.

"ವಾರಕ್ಕೆ ಒಂದೇ ದಿನ ಹಾಕಿದರೆ ರುವಾ ಬರೋಷ್ಟರಲ್ಲಿ ಅರ್ಧ ಸಾಲೂ ಆಗಲ್ಲ ಅತ್ತೆ."

"ಹಾಗಾದ್ರೆ ನಿಮ್ಮ ಮಾವಂಗೆ ಹೇಳು, ಬುಧವಾರಾನೂ ಬಾ ಅಂತ."

ಜುಮಾರೋಗೆ ನಗುವೂ ಬಂತು, ಅಳುವೂ ಬಂತು. ಪಿನಾಸ್ತಿ ಟೀಚರಿಗೆ ಫೋನು ಮಾಡಿದಳು. ದಿನಕ್ಕೂ ಕಲ್ಲಿಗೂ ಸಂಬಂಧವಿಲ್ಲ, ಗುರುವಾರದ ರಿಂಗಿಗೆ ನೀವು ಏನೋ ಬೇರೆ ಮಾಡ್ತಿದ್ದೀರಿ, ಇಲ್ಲ ಬೇರೆ ರಿಂಗಿಗೆ ಯಾರೋ ಏನೋ ಮಾಡ್ತಿದ್ದಾರೆ, ಕೂತು ನೋಡಿ ಎಂದರು. ಸರಿ, ಬುಧವಾರ ಸಂಜೆ ರಿಂಗು ಹಾಕಿ, ಮರುದಿನ ನಸುಕಿಗೇ ಹೋಗಿ ಎಂದಿನಂತೆ ಅಚ್ಚು ಬಿಡಿಸಿ ಹಂಡೆಯ ಹಿಂದೆ ಕೂತಳು. ನನ್ನನ್ನೂ ಜೊತೆಗೆ ಕರೆದಳು. ಮೆಗೊನೊ ಒಲೆಯ ಮೇಲೆ ಬಿಟ್ಟು ಹೋದೆ, ಇಂಥದ್ದನ್ನು ಬಿಡುವುದುಂಟೆ?

ನಮಾಜು ಮುಗಿಸಿ ದುಲ್ಕಮಿದಣ್ಣ ಬಂದ. ಬಣ್ಣದ ಮನೆಯಲ್ಲಿ ಬಟ್ಟೆ ಜಾಲಾಡುವ ತೊಟ್ಟಿಯ ಯಜಮಾನ ಅವನು, ಓಣಿಯ ಕಿರಿಯರಿಗೆಲ್ಲ ಮಾವ. ಮೊಣಕೈವರೆಗೆ ನೀಲಿ ಹತ್ತಿದ ಕೈ, ಸೋಪು ಹಾಕಿದರೂ ಹೋಗದ ನೀಲಿ. ಬಕೆಟ್ಟು ತುಂಬಿಸಿಕೊಂಡ. ರಿಂಗಿನ ಮೇಲೆ ಸುರಿದ. ಇನ್ನೊಂದು ಬಕೆಟ್ಟು ಸುರಿದ. ಆಮೇಲೆ ತೆಂಗಿನ ನಾರಿನ ಬ್ರಷ್ಷು ತೆಗೆದು ಒಳಗೂ ಹೊರಗೂ ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಉಜ್ಜಿ, ಮತ್ತೊಂದು ಬಕೆಟ್ಟು ಸುರಿದ. ರಿಂಗಿನಿಂದ ಬೂದಿಬಣ್ಣದ ನೀರು ಹರಿದು ಹೋಯಿತು.

ಜುಮಾರೋ ಎದ್ದು ಓಡಿದಳು. "ಅಯ್ಯೋ ಮಾವ! ಏನ್ ಮಾಡ್ತಿದ್ದೀರಿ?"

"ಏನ್ ಮಾಡ್ತಿದೀನಿ? ನೀನು ಮಾಡ್ಬೇಕಾಗಿದ್ದ ಕೆಲಸ ಮಾಡ್ತಿದೀನಿ. ಗಾಜುನೀರು ಹಾಕಿ ಜಾಲಾಡ್ದೆ ಬಿಡ್ತಾರೇನೇ? ಇಷ್ಟು ವರ್ಷ ನನ್ನ ತೊಟ್ಟಿ ಪಕ್ಕ ಕೂತು ಇಷ್ಟೂ ಕಲೀಲಿಲ್ವಾ?"

"ದಿನಾ ತೊಳೀತೀರಾ?"

"ದಿನಾ. ಶುಕ್ರವಾರ ಒಂದು ಬಿಟ್ಟು. ಶುಕ್ರವಾರ ರಜೆ ಅಲ್ವಾ."

ನಾನು ಹಂಡೆ ಹಿಡಿದುಕೊಂಡು ನಕ್ಕೆ. ಬಣ್ಣದ ಮನೆಗೆ ಗುರುವಾರ ಸಂಬಳ, ಶುಕ್ರವಾರ ರಜೆ. ಹಂಡೆಯ ಒಲೆ ಮಾತ್ರ ಆರಿದರೂ ಮಾರನೆಯ ದಿನದವರೆಗೆ ಬಿಸಿ ಇರುತ್ತದೆ. ಗುರುವಾರದ ರಿಂಗು ರಜೆಯ ದಿನ ಆ ಬಿಸಿಯ ಪಕ್ಕ ಅಚ್ಚಿನಲ್ಲೇ ಕೂತಿರುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಕಾರ್ದಾನ್ ತಾತ ಬಂದಿರಲಿಲ್ಲ, ದುಲ್ಕಮಿದಣ್ಣ ಬಂದಿರಲಿಲ್ಲ, ಅಷ್ಟೆ.

"ಮಾವ, ಗಾಜುನೀರು ತೊಳೀದಿದ್ರೆ ಬಟ್ಟೆ ಏನಾಗುತ್ತೆ?"

"ಹಪ್ಪಳ ಆಗುತ್ತೆ. ಸೆಟೆದು ನಿಂತ್ಕೊಳುತ್ತೆ. ಯಾರು ಉಡ್ತಾರೆ ಅದನ್ನ?"

"ನಂಗೆ ಬೇಕಾಗಿರೋದೇ ಅದು! ಇದನ್ನ ಯಾರೂ ಉಡಲ್ಲ ಮಾವ. ಸೆಟೆದು ನಿಂತ್ಕೋಬೇಕು!"

ದುಲ್ಕಮಿದಣ್ಣನ ಮುಖ ನೋಡಬೇಕಿತ್ತು. ಬಕೆಟ್ಟು ಕೆಳಗಿಟ್ಟು, ತಾನು ತೊಳೆದ ರಿಂಗಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟ. ಇಷ್ಟು ದಿನ ಅವನು ಯಾರಿಗೂ ಹೇಳದೆ, ಯಾರೂ ಕೇಳದೆ, ಅವಳಿಗೆ ಉಪಕಾರ ಮಾಡುತ್ತಿದ್ದ. ಎಲ್ಲ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅಂದು ಅವನಿಗೆ ನಾಲ್ಕು ಮಾತು ಬಿಸಿ ಮುಟ್ಟಿಸುತ್ತಿದ್ದರು, ನಾನಂತೂ ಬಿಡುತ್ತಿರಲಿಲ್ಲ. ಜುಮಾರೋ ಅವನ ಪಕ್ಕ ಕೂತಳು.

"ನಾನೂ ಬಣ್ಣದೋಳೇ ಅಲ್ವಾ ಮಾವ. ನೀವು ತೊಳೀದೆ ಇದ್ದಿದ್ರೆ ಒಂದಲ್ಲ ಒಂದು ದಿನ ನನ್ನ ಕೈಯೇ ತೊಳೀತಿತ್ತು. ಈಗ ಒಂದು ಕೆಲಸ ಮಾಡಿ. ಇದಕ್ಕೆ ಯಾರೂ ನೀರು ಮುಟ್ಟಿಸದ ಹಾಗೆ ಕಾಯಿರಿ."

ಅಲ್ಲಿಂದ ದುಲ್ಕಮಿದಣ್ಣ ಕಾವಲಿಗೆ ನಿಂತ. ಹಸಿ ರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಣದ ಹಂಡೆಯ ಒಲೆಯ ಬಳಿ ಕಾವಿಗೆ ಕೂರಿಸುತ್ತಿದ್ದರು. ಯಾರಾದರೂ ಕೈ ತೊಳೆದು ಆ ಕಡೆ ನೀರು ಕೊಡವಿದರೂ ಸಾಕು, ನೀಲಿ ಕೈ ಎತ್ತಿಕೊಂಡು ಬರುತ್ತಿದ್ದ. ಸೋಮವಾರದ್ದೂ ಕಲ್ಲಾಯಿತು, ಬುಧವಾರದ್ದೂ ಕಲ್ಲಾಯಿತು. ಅಜ್ಜಿ ಮಾತ್ರ ಗುರುವಾರದ ಕಾಫಿ ನಿಲ್ಲಿಸಲಿಲ್ಲ.

ಆದರೆ ಕಲ್ಲಾದರೆ ಸಾಲದು. ಮೊದಲ ರಿಂಗನ್ನು ಓಣಿಯಲ್ಲಿ ಉರುಳಿಸಿಕೊಂಡು ಹೋಗುವಾಗ ನನ್ನ ಅಂಗಡಿಯ ಮುಂದಿನ ಗುಂಡಿಗೆ ಇಳಿದು, ಪಿಂಗಾಣಿ ತಟ್ಟೆಯ ಹಾಗೆ ಎರಡಾಯಿತು. ಕಬ್ಬಿಣ ಬೇಡ ಎಂದವಳು ಅವಳೇ, ಹಿಡಿದುಕೊಳ್ಳಲು ಒಳಗೆ ಏನೋ ಬೇಕಲ್ಲ. ಟೀಚರು ತೆಂಗಿನ ನಾರು ಕತ್ತರಿಸಿ ಬೆರೆಸಿ ನೋಡಿ ಎಂದರು. ಬೆರೆಸಿದಳು. ನಾರಿನಿಂದ ಕಂದು ರಸ ಬಿಟ್ಟುಕೊಂಡಿತು, ಒಡೆದು ನೋಡಿದರೆ ನಾರು ಕಲ್ಲಿನೊಳಗೆ ಒಗ್ಗದೆ ಸಡಿಲವಾಗಿ ಜಾರಿ ಬರುತ್ತಿತ್ತು. ನಾರಿನ ಮೇಲಿನ ಅಂಟು ಹೋಗಬೇಕು, ಕ್ಷಾರದಲ್ಲಿ ನೆನೆಸಿ ತೊಳೀಬೇಕು ಎಂದರು ಟೀಚರು. ಕಾಸ್ಟಿಕ್ಕಿನಲ್ಲಿ ನೆನೆಸಿದಳು, ಸ್ವಲ್ಪ ಹೆಚ್ಚಾಗಿ ನಾರೇ ಕೊಳೆತ ಹುಲ್ಲಿನಂತಾಯಿತು.

ಇದನ್ನೆಲ್ಲ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

"ಅಯ್ಯೋ ನಿನ್ನ ಕೈಗಿಷ್ಟು. ಮೇಣ ಬರೆಯೋ ಬಿಳಿ ಬಟ್ಟೆ ಹದ ಮಾಡೋದನ್ನ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?"

"ನಮ್ಮಮ್ಮ ರಿಂಗಿನ ಮನೆಯೋಳು ಅತ್ತೆ."

"ಗೊತ್ತು, ಗೊತ್ತು. ಹುಲ್ಲಿನ ಬೂದಿ ತಾ. ಪೇಟೆ ಪುಡಿ ಬೇಡ."

ಹಿಂದಿನ ಕಾಲದಲ್ಲಿ ಮೇಣದ ಚಿತ್ರ ಬರೆಯುವ ಮುಂಚೆ ಬಿಳಿ ಬಟ್ಟೆಯನ್ನು ಭತ್ತದ ಹುಲ್ಲಿನ ಬೂದಿ ನೀರಿನಲ್ಲಿ ನೆನೆಸಿ, ಕಿವುಚಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ ಕಿವುಚಿ ಹದ ಮಾಡುತ್ತಿದ್ದರು. ಬಟ್ಟೆಯ ಗಂಜಿ ಹೋಗಿ ನೂಲು ಬಣ್ಣಕ್ಕೆ ಬಾಯಿ ತೆರೆಯಬೇಕು, ಆದರೆ ನೂಲು ಸಾಯಬಾರದು. ಅದು ಕೈಗೆ ಗೊತ್ತಾಗಬೇಕಾದ ಕೆಲಸ. ಈಗ ಯಾರೂ ಮಾಡುವುದಿಲ್ಲ. ಓಣಿಯಲ್ಲಿ ಆ ಹದ ಗೊತ್ತಿದ್ದ ಕೈ ತಸ್ರಿಪಜ್ಜಿಯದೊಂದೇ.

ಅಜ್ಜಿ ತೊಟ್ಟಿಯ ಮುಂದೆ ಕೂತಳು. ತೆಂಗಿನ ನಾರನ್ನು ಬೂದಿನೀರಿನಲ್ಲಿ ಕಿವುಚಿದಳು, ಮೂಸಿದಳು, ಬಿಸಿಲಿಗೆ ಹರಡಿದಳು, ಮತ್ತೆ ಕಿವುಚಿದಳು. ಕಂದು ನೀರು ಬರುವುದು ನಿಂತ ಮೇಲೆ ತಿಳಿನೀರಿನಲ್ಲಿ ಜಾಲಾಡಿಸಲು ದುಲ್ಕಮಿದಣ್ಣನನ್ನು ಕರೆದಳು.

"ಬಾರೋ ದುಲ್ಕಮಿದ್. ತೊಳೀಬೇಕು ತೊಳೀಬೇಕು ಅಂತ ಕೈ ಕಡೀತಿತ್ತಲ್ಲ. ಇದನ್ನ ತೊಳಿ. ಮನಸಾರೆ ತೊಳಿ."

ಅವನು ನಗುತ್ತ ಬಂದ. ಇಬ್ಬರು ಮುದುಕರು ಬಿಸಿಲಲ್ಲಿ ಕೂತು ನಾರು ತೊಳೆಯುವುದನ್ನು ನೋಡುತ್ತ ನಿಂತೆ. ಆಕೆ ತನ್ನ ಗೋರಿಯ ಗೋಡೆಗೇ ನಾರು ಹದ ಮಾಡುತ್ತಿದ್ದಾಳಲ್ಲ ಎಂದು ಆಗ ಹೊಳೆಯಿತು. ಅಂಥ ಕೆಲಸವನ್ನು ಆಕೆ ಮದುವೆ ಮನೆಯ ಹಪ್ಪಳ ಒಣಗಿಸುವಷ್ಟು ಸಲೀಸಾಗಿ ಮಾಡುತ್ತಿದ್ದಳು.

ಆ ನಾರು ಬೆರೆಸಿದ ರಿಂಗು ನನ್ನ ಅಂಗಡಿಯ ಮುಂದಿನ ಅದೇ ಗುಂಡಿಗೆ ಬಿತ್ತು. ಕೂದಲೆಳೆಯಷ್ಟು ಬಿರುಕು ಕಾಣಿಸಿತು, ಆದರೆ ಬಿಟ್ಟುಕೊಳ್ಳಲಿಲ್ಲ. ನಾರು ಹಿಡಿದುಕೊಂಡಿತ್ತು. ಟೀಚರು ಒಂದು ತುಂಡನ್ನು ಒಯ್ದು ಯಂತ್ರದಲ್ಲಿಟ್ಟು ಒತ್ತಿ ನೋಡಿದರು. ಪೇಟೆಯ ರಿಂಗಿಗಿಂತ ಗಟ್ಟಿ, ಯಾರು ಮಾಡಿದ್ದು ಈ ನಾರು ಎಂದು ಕೇಳಿದರು. ಜುಮಾರೋ ಫೋನನ್ನು ಅಜ್ಜಿಯ ಕಿವಿಗೆ ಹಿಡಿದಳು. "ಬಾತಾಂಗಿನವಳ ಅತ್ತೆ," ಎಂದಳು ಅಜ್ಜಿ ಗತ್ತಿನಿಂದ.

ಆಮೇಲೆ ನಡೆದದ್ದು ಓಣಿಯ ಕೆಲಸ. ರಜೆಯ ದಿನಗಳಲ್ಲಿ ಗಂಡಸರು ರಿಂಗು ಉರುಳಿಸಿದರು, ಹೆಂಗಸರು ಬೂದಿ ಜರಡಿ ಹಿಡಿದರು, ನಾನು ಮೆಗೊನೊ ಬೇಯಿಸಿ ಬೇಯಿಸಿ ಸುಸ್ತಾದೆ. ಇಳಿತದ ಹೊತ್ತಿಗೆ ರಿಂಗು ಕೂರಿಸಿ ಒಳಗೆ ಕೆಸರು ತುಂಬಿ, ಒಂದೊಂದರ ಬಾಯಲ್ಲೂ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಸಸಿ ನೆಟ್ಟರು. ಒಳಗಡೆ ಮನೆಗೊಂದು ಪಾಲಿನಂತೆ ಮಣ್ಣು ತಂದು ಗೋರಿಗಳ ಮೇಲೆ ಸೊಂಟದೆತ್ತರ ಏರಿಸಿದರು. ತಲೆಗಲ್ಲುಗಳನ್ನು ಎತ್ತಿ ಮತ್ತೆ ನೆಟ್ಟರು. ಜುಮಾರೋ ಬಣ್ಣದ ಮನೆಯ ಕೆಲಸ ಮುಗಿಸಿ ಅಲ್ಲಿಗೆ, ಅಲ್ಲಿಂದ ಮನೆಗೆ, ಅತ್ತೆಯ ಬೈಗುಳ ತಿಂದು ಮತ್ತೆ ಅಲ್ಲಿಗೆ ಹೋಗುತ್ತಿದ್ದಳು. ಒಂದು ದಿನವೂ ಅವಳು ಇದು ನನ್ನಿಂದಾಯಿತು ಎಂದು ಹೇಳಿದ್ದು ನಾನು ಕೇಳಿಲ್ಲ. ನನಗೆ ಆ ಗುಣವಿಲ್ಲ, ಅದಕ್ಕೇ ಅವಳನ್ನು ಮೆಚ್ಚುತ್ತೇನೆ.

ಪಶ್ಚಿಮದ ಗಾಳಿಯ ಕಾಲ ಬಂತು. ದೊಡ್ಡ ಉಬ್ಬರಗಳು ರಿಂಗಿಗೆ ಬಡಿದು ಹೋದವು. ಸಾಲು ನಿಂತಿತು. ಆದರೆ ಹಿರಿಯರು ತಲೆ ಅಲ್ಲಾಡಿಸಿದರು. ಹೊರಗಿನ ನೀರು ನಿಂತಿರಬಹುದು, ಕೆಳಗಿನಿಂದ ಬರುವುದು? ಅಗೆದು ನೋಡದೆ ಹೇಗೆ ಹೇಳುವುದು? ಸುಮ್ಮಸುಮ್ಮನೆ ಗೋರಿ ಅಗೆಯುವ ಪದ್ಧತಿ ನಮ್ಮಲ್ಲಿಲ್ಲ. ಯಾರಾದರೂ ಸಾಯಬೇಕು. ಓಣಿಯ ಎಲ್ಲರೂ ತಸ್ರಿಪಜ್ಜಿಯ ಕಡೆ ನೋಡಿದರು. ಅಜ್ಜಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಹೋದವನು ದುಲ್ಕಮಿದಣ್ಣ. ರುವಾ ಹತ್ತಿರ ಬಂದಿತ್ತು. ಬೆಳಗಿನ ನಮಾಜಿಗೆ ಕೈಕಾಲು ತೊಳೆಯಲು ತೊಟ್ಟಿಯ ಬಳಿ ಕೂತವನು ಅಲ್ಲೇ ಒರಗಿಬಿಟ್ಟಿದ್ದ. ಕೈ ನೀರಿನಲ್ಲೇ ಇತ್ತು.

ಹಿರಿಯರು ಸೇರಿದರು. ಇಲ್ಲೇ ಅಗೆಯೋಣ, ಸೊಂಟದ ಆಳಕ್ಕೆ ನೀರು ಬಂದರೆ ಗುಡ್ಡಕ್ಕೆ ಒಯ್ಯೋಣ, ಮುಂದೆಯೂ ಎಲ್ಲರೂ ಅಲ್ಲಿಗೇ ಎಂದರು. ಹೂಳುವಾಗ ಹೆಂಗಸರು ನಮ್ಮಲ್ಲಿ ಮನೆಯಲ್ಲೇ ಇರುತ್ತಾರೆ. ತಸ್ರಿಪಜ್ಜಿ ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ಎತ್ತಿಸಿಕೊಂಡು ಖಬರಸ್ತಾನದ ಬೇಲಿಯ ಬಳಿ ಹಾಕಿಸಿ ಕೂತಳು. ಎಬ್ಬಿಸುವ ಧೈರ್ಯ ಯಾರಿಗಿತ್ತು? ನಾನೂ ಜುಮಾರೋಳೂ ಹಿಂದೆ ನಿಂತೆವು. ಉಬ್ಬರದ ಹೊತ್ತು, ರಿಂಗುಗಳ ಆಚೆ ನೀರು ಏರಿ ಗುಳುಗುಳು ಎನ್ನುತ್ತಿತ್ತು. ಜುಮಾರೋ ನನ್ನ ಕೈ ಹಿಡಿದಿದ್ದಳು.

ಗುದ್ದಲಿಯ ಸದ್ದು ಕೇಳುತ್ತಿತ್ತು. ಅಗೆಯುವವರ ಮೊಣಕಾಲು ಮರೆಯಾಯಿತು. ಆಮೇಲೆ ಸೊಂಟ. ಎದೆ ಮರೆಯಾಗುವ ಹೊತ್ತಿಗೆ ಒಳಗಿನಿಂದ ಒಬ್ಬ ಕೂಗಿದ:

"ಒಣಗಿದೆ!"

"ತಾ ಇಲ್ಲಿ," ಎಂದಳು ಅಜ್ಜಿ. ಗುಂಡಿಯ ತಳದ ಒಂದು ಹಿಡಿ ಮಣ್ಣನ್ನು ತಂದು ಆಕೆಯ ಕೈಗಿಟ್ಟರು. ಅಜ್ಜಿ ಮುಷ್ಟಿ ಕಟ್ಟಿ ಹಿಂಡಿದಳು, ನಾರು ಹಿಂಡಿದ ಹಾಗೆ. ಒಂದು ಹನಿಯೂ ಬರಲಿಲ್ಲ. ಮುಷ್ಟಿ ಬಿಚ್ಚಿದಳು, ಮಣ್ಣು ಪುಡಿಯಾಗಿ ಮಡಿಲಿಗೆ ಬಿತ್ತು.

"ಕಳ್ಳ," ಎಂದಳು. "ನನ್ನ ಜಾಗಕ್ಕೆ ನನಗಿಂತ ಮುಂಚೆ ಹೋಗಿ ಕೂತ." ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

ಮೂರನೆಯ ದಿನ ನಾವು ಹೆಂಗಸರು ದುಲ್ಕಮಿದಣ್ಣನ ಗೋರಿಗೆ ಹೂವು ತೆಗೆದುಕೊಂಡು ಹೋದೆವು. ಗುಲಾಬಿ ಎಸಳು, ಮಲ್ಲಿಗೆ, ಒಂದು ಮಣ್ಣಿನ ಹೂಜಿಯಲ್ಲಿ ನೀರು. ಹೊಸ ಮಣ್ಣಿನ ಮೇಲೆ ತಲೆಯ ಕಡೆಯಿಂದ ಕಾಲಿನವರೆಗೆ ನೀರು ಹನಿಸುವುದು ಪದ್ಧತಿ, ಒಳಗಿರುವವನಿಗೆ ತಂಪಾಗಲಿ ಎಂದು. ಜುಮಾರೋ ಹನಿಸಿದಳು. ಹನಿಸಿ ಮುಗಿದ ಮೇಲೂ ಹೂಜಿಯಲ್ಲಿ ನೀರು ಉಳಿದಿತ್ತು. ಅವಳು ಎದ್ದು ನಾಲ್ಕು ಹೆಜ್ಜೆ ಆಚೆ ಇದ್ದ ರಿಂಗಿನ ಬಳಿ ಹೋಗಿ ಅದರ ನೆತ್ತಿಯ ಮೇಲೆ ಸುರಿದಳು. ನೀರು ಕಾಂಡ್ಲಾ ಸಸಿಯ ಬುಡ ತೋಯಿಸಿ, ಗೋಡೆಯ ಮೇಲೆ ಇಳಿದು ಹೋಯಿತು. ಸುರಿದಾಗ ಹೇಗಿತ್ತೋ ಹಾಗೇ ತಿಳಿಯಾಗಿ ಇಳಿಯಿತು.

"ಈಗ ತೊಳೀರಿ ಮಾವ," ಎಂದಳು. "ಎಷ್ಟು ಬೇಕಾದ್ರೂ ತೊಳೀರಿ. ಇನ್ನು ಏನೂ ಬಿಟ್ಕೊಳಲ್ಲ." ಅಷ್ಟು ಹೇಳಿ ರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟಳು. ಆ ಮನೆಗೆ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ತಸ್ರಿಪಜ್ಜಿ ಗಂಡನ ತಲೆಗಲ್ಲಿನ ಪಕ್ಕ ಕೂತಿದ್ದಳು. ಅಲ್ಲಿಂದಲೇ ಊರುಗೋಲು ನೆಲಕ್ಕೆ ಕುಟ್ಟಿದಳು.

"ಎಲ್ಲಾ ಅವನಿಗೇ ಸುರೀಬೇಡ ಮಗಳೇ, ಇಲ್ಲಿ ತಾ. ನಿಮ್ಮ ಮಾವಂಗೂ ಒಂಚೂರು ಹಾಕೋಣ. ಪಾಪ, ಒಣಗಿಹೋಗಿದಾನೆ."